ಶಿಬಿರದ ಬೇಲಿಯಾಚೆ



1979ರಲ್ಲಿ ಇದಿ ಅಮೀನನ ಪತನವಾದ ಬಳಿಕ ಯುಗಾಂಡದ ಸಹಸ್ರಾರು ಜನರು ಪ್ರಾಣಭಯದಿಂದ ದಕ್ಷಿಣ ಸುಡಾನಿಗೆ ಓಡಿಬಂದರು. ಅವರ ಬದುಕನ್ನು ಹತ್ತಿರದಿಂದ ಅಭ್ಯಸಿಸಿದವರು ಮಾನವಶಾಸ್ತ್ರಜ್ಞೆ ಬಾರ್ಬರಾ ಹ್ಯಾರೆಲ್-ಬಾಂಡ್. 1982ರಲ್ಲಿ ಆಕ್ಸ್‌ಫರ್ಡಿನಲ್ಲಿ ನಿರಾಶ್ರಿತರ ಅಧ್ಯಯನ ಕೇಂದ್ರವನ್ನು ಸ್ಥಾಪಿಸಿದವರೂ ಅವರೇ. ಅನೇಕರು ಶಿಬಿರ ಸೇರಲೊಲ್ಲದೆ, ಸ್ಥಳೀಯರ ನಡುವೆಯೇ ಬೇಸಾಯ, ಕೂಲಿಗಳಿಂದ ಜೀವಿಸುತ್ತಿದ್ದುದನ್ನು ಅವರು ಕಂಡರು. ನೆರವಾದರೋ ಬಹುಮಟ್ಟಿಗೆ ಶಿಬಿರಗಳಿಗೇ ಸಲ್ಲುತ್ತಿತ್ತು!

ಭದ್ರತೆಗಾಗಿ ನಿರಾಶ್ರಿತರನ್ನು ಒಂದೆಡೆ ಕೂಡಿಡಬೇಕೆಂಬುದು ಸರಕಾರಗಳ ವಾದ. ಆದರೆ ಓಡಾಟವನ್ನೂ ದುಡಿಮೆಯನ್ನೂ ತಡೆದು ಪಡಿತರವನ್ನಷ್ಟೇ ಕೊಟ್ಟರೆ ಮನುಷ್ಯನು ಪರಾವಲಂಬಿಯಾಗದೆ ಇನ್ನೇನಾದಾನು? ನಿರಾಶ್ರಿತರನ್ನು ಕೇಳದೆ ಹೇರಿದ ನೆರವು ಅವರ ಶಕ್ತಿಯನ್ನೇ ಕುಗ್ಗಿಸುತ್ತದೆಂದು 1986ರ ತಮ್ಮ ಗ್ರಂಥದಲ್ಲಿ ಅವರು ವಾದಿಸಿದರು. ದಾನವಿತ್ತು ಧನ್ಯರಾದೆವೆನ್ನುವ ನಮಗೂ ಈ ಮಾತು ಚುಚ್ಚದಿರದು. ಮುಂದೆ ಕೈರೋ ನಗರದಲ್ಲಿ ನಿರಾಶ್ರಿತರಿಗೆ ಕಾನೂನಿನ ನೆರವು ದೊರಕಿಸಲು ಶ್ರಮಿಸಿದ ಅವರು 2018ರಲ್ಲಿ ನಿಧನರಾದರು.