ಎಂಟು ನಿಮಿಷದ ರೋಗಿ

(ಇಲ್ಫರ್ಡಿನ ಕನ್ನಡ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಇದೇ ಇಲ್ಫರ್ಡಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಮೇಲಿನ ಕೋಣೆಯಿಂದ ರಾತ್ರಿ ಹನ್ನೊಂದರವರೆಗೂ ಒಂದೇ ಸಂಭಾಷಣೆ ಕೇಳಿಬರುತ್ತಿತ್ತು. ಕರ್ನಾಟಕದಿಂದ ಬಂದ ಇಬ್ಬರು ಯುವ ವೈದ್ಯರು. ಒಬ್ಬರು ಎದೆನೋವಿನ ರೋಗಿ, ಮತ್ತೊಬ್ಬರು ಡಾಕ್ಟರು. ಗಡಿಯಾರ ಕೂಗಿದೊಡನೆ ಪಾತ್ರ ಅದಲುಬದಲು. ವಿದೇಶದಲ್ಲಿ ಕಲಿತ ಬಹುಪಾಲು ವೈದ್ಯರು ಇಲ್ಲಿ ವೃತ್ತಿಗಿಳಿಯಲು ದಾಟಬೇಕಾದ ಪ್ಲ್ಯಾಬ್ ಪರೀಕ್ಷೆಯ ಎರಡನೆಯ ಭಾಗಕ್ಕೆ ಅದು ತಾಲೀಮು. ಮ್ಯಾಂಚೆಸ್ಟರಿನ ಕೇಂದ್ರದಲ್ಲಿ ಕೋಣೆಯಿಂದ ಕೋಣೆಗೆ ರೋಗಿಯ ವೇಷದ ನಟರು ಕಾದಿರುತ್ತಾರೆ. ಬಾಗಿಲಾಚೆ ಒಂದೂವರೆ ನಿಮಿಷದ ಓದು, ಒಳಗೆ ಎಂಟು ನಿಮಿಷದ ಮಾತು.

ನಟಿಸುವ ರೋಗಿಯನ್ನು 1963ರಲ್ಲಿ ಲಾಸ್ ಏಂಜಲೀಸಿನಲ್ಲಿ ಮೊದಲಿಗೆ ಬಳಸಿದವರು ನರರೋಗತಜ್ಞ ಹೊವಾರ್ಡ್ ಬ್ಯಾರೋಸ್. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಕಾಯಿಲೆ, ಒಂದೇ ಕಣ್ಣೀರು. ಇದರ ಹಿಂದಿರುವುದು ಸಮಾನತೆಯ ಆಶಯವೇ. ಆದರೆ ಮಾತು ಎಲ್ಲರ ಬಾಯಲ್ಲೂ ಒಂದೇ ಆಗಿ ಕೇಳಿಸುವುದಿಲ್ಲ. 'ಕೂತ್ಕೊಳ್ಳಿ, ನಾಲಿಗೆ ತೋರಿಸಿ' ಎನ್ನುವ ಕನ್ನಡದಲ್ಲಿ ಗೌರವವೆಲ್ಲ ಕೊನೆಯ ಆ 'ಇ'ಕಾರದಲ್ಲಿದೆ. ಅದನ್ನು 'ಸಿಟ್ ಡೌನ್, ಶೋ ಮಿ ಯುವರ್ ಟಂಗ್' ಎಂದಾಗಿಸಿದರೆ ಗೌರವ ಉದುರಿಹೋಗಿ ಅಪ್ಪಣೆಯಷ್ಟೇ ಉಳಿಯುತ್ತದೆ. ಮೂಲೆಯಲ್ಲಿ ಕುಳಿತ ಪರೀಕ್ಷಕರಿಗೆ ಕೇಳಿಸುವುದು ಆ ಅಪ್ಪಣೆ ಮಾತ್ರ.

ಇದು ಊಹೆಯ ಮಾತಲ್ಲ. ಕುಟುಂಬವೈದ್ಯರಾಗಲು ರಾಯಲ್ ಕಾಲೇಜು ನಡೆಸುತ್ತಿದ್ದ ಇಂಥದೇ ನಟರ ಪರೀಕ್ಷೆಯ ಫಲಿತಾಂಶಗಳನ್ನು ಅನೀಸ್ ಇಸ್ಮಾಯಿಲ್ ಮತ್ತು ಕ್ರಿಸ್ ರಾಬರ್ಟ್ಸ್ 2013ರಲ್ಲಿ ವಿಶ್ಲೇಷಿಸಿದರು. ಲಿಖಿತ ಪರೀಕ್ಷೆಯ ಸಾಧನೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಬ್ರಿಟನ್ನಿನಲ್ಲೇ ಓದಿದ ಅಲ್ಪಸಂಖ್ಯಾತ ಜನಾಂಗದವರು ಮೊದಲ ಯತ್ನದಲ್ಲಿ ಸೋಲುವ ಸಂಭವ, ಇಲ್ಲಿ ಓದಿದ ಬಿಳಿಯರಿಗಿಂತ ಸುಮಾರು ಮೂರೂವರೆ ಪಟ್ಟಿತ್ತು. ನೆನಪಿಡಿ, ಇವರ ಇಂಗ್ಲಿಷಿನಲ್ಲಿ 'ಇ'ಕಾರದ ತೊಡಕಿರಲಿಲ್ಲ! ಭಾರತೀಯ ಮೂಲದ ವೈದ್ಯರ ಸಂಘ 'ಬಪಿಯೊ' ನ್ಯಾಯಾಲಯದ ಮೆಟ್ಟಿಲೇರಿತು. 2014ರ ಏಪ್ರಿಲಿನಲ್ಲಿ ನ್ಯಾಯಮೂರ್ತಿ ಮಿಟಿಂಗ್ ಪರೀಕ್ಷೆ ಕಾನೂನುಬದ್ಧವೆಂದೇ ತೀರ್ಪಿತ್ತರು. ಆದರೆ ಈ ಅಂತರದ ಬಗ್ಗೆ ಕಾಲೇಜು ಕ್ರಮ ಕೈಗೊಳ್ಳುವ ಕಾಲ ಬಂದಿದೆಯೆಂದೂ ಹೇಳಿದರು. ಸೋತವರು ಆ ತೀರ್ಪಿನಿಂದ ಗೆದ್ದದ್ದು ಇಷ್ಟೇ, ಆದರೂ ಅದು ಸಣ್ಣದಲ್ಲ.

ಹಾಗೆಂದು ಎಲ್ಲವನ್ನೂ ವರ್ಣಭೇದದ ತಲೆಗೆ ಕಟ್ಟಿ ಎದ್ದುಹೋಗಲು ನನಗೆ ಮನಸ್ಸಿಲ್ಲ. ಊರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು ನನಗೆ 'ಬಾಯಿ ತೆಗೀರಿ' ಎಂದರು. ನನ್ನ ಹಿಂದೆ ನಿಂತಿದ್ದ, ನನ್ನ ತಾಯಿಯ ವಯಸ್ಸಿನ ಕೂಲಿ ಹೆಂಗಸಿಗೆ ಹೇಳಿದ್ದು 'ಬಾಯಿ ತೆಗಿ' ಎಂದು. ಅರ್ಧ ನಿಮಿಷದ ಅಂತರದಲ್ಲಿ ಆ ಗೌರವ ಎಲ್ಲಿ ಹೋಯಿತು? 'ನಿಮಗಿರುವ ಆತಂಕವೇನು' ಎಂಬ ಪ್ರಶ್ನೆ ಮ್ಯಾಂಚೆಸ್ಟರಿನಲ್ಲಿ ಅಂಕ ತರುತ್ತದೆ. ಆಕೆಯನ್ನು ಯಾರೂ ಕೇಳಲಿಲ್ಲ. ಭಾರತದ ವೈದ್ಯಪಠ್ಯದಲ್ಲಿ ಮನೋಭಾವ, ನೀತಿ, ಸಂವಹನ ಎಂಬ ಕಲಿಕೆ ಅಧಿಕೃತವಾಗಿ ಸೇರಿದ್ದು 2019ರಲ್ಲಿ. ಮೇಲಿನ ಕೋಣೆಯ ಹುಡುಗಿ ಒಮ್ಮೆ ಹೇಳಿದಳು: "ರೋಗಿ ಅಳುವಾಗ ಸುಮ್ಮನಿರಬೇಕೆಂದು ಕಲಿತದ್ದು ಇಲ್ಲಿ."

ಮೆಡಿಕಲ್ ಕೌನ್ಸಿಲ್ಲು ವೈದ್ಯಶಿಕ್ಷಣದಲ್ಲಿನ ತಾರತಮ್ಯವನ್ನು 2031ರೊಳಗೆ ತೊಡೆಯುವ ಗುರಿ ಇಟ್ಟುಕೊಂಡಿದೆ. ಅದರ ಲೆಕ್ಕ ಕೇಳುತ್ತಿರೋಣ. ಅಷ್ಟರಲ್ಲಿ, ದುಬಾರಿ ಕೋಚಿಂಗಿಗೆ ದುಡ್ಡಿಲ್ಲದವರ ಎದುರು ರೋಗಿಯಾಗಿ ಕೂರುವವರು ಬೇಕಾಗಿದ್ದಾರೆ. ವೈದ್ಯರೇ ಆಗಬೇಕಿಲ್ಲ, ವಾರಕ್ಕೊಂದು ಸಂಜೆ ಸಾಕು. ಸಭೆ ಮುಗಿದ ಮೇಲೆ ಬಾಗಿಲ ಬಳಿ ಇರುತ್ತೇನೆ, ಹೆಸರು ಕೊಡಿ.