ದೂರದ ಹಗೆ, ನಮ್ಮೂರ ಬಯಲು

ಕೆಲವು ದಿನಗಳ ಹಿಂದೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆಮರವೊಂದರ ಕೆಳಗೆ ಕುಳಿತಿದ್ದೆ. ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿದ್ದವು. “ಹೆರಿಗೆಗೆ ತವರಿಗೆ ಬಂದಿರೋ ಹೆಣ್ಮಕ್ಕಳು ಸಾಮಿ ಇವು” ಎಂದರು ಪಕ್ಕದಲ್ಲಿದ್ದ ಹಿರಿಯರು. ಆ ನೆಮ್ಮದಿಯ ನಡುವೆಯೂ ನನಗೆ ನೆನಪಾದದ್ದು ಯುದ್ಧ. ನೆರೆಯ ಮಳವಳ್ಳಿಯ ಬಯಲಿನಲ್ಲಿಯೇ ಅಲ್ಲವೆ, 1799ರ ಮಾರ್ಚ್ 27ರಂದು ಟಿಪ್ಪುವಿನ ಸೈನ್ಯವೂ ಜನರಲ್ ಹ್ಯಾರಿಸನ ಸೈನ್ಯವೂ ಕಾದಾಡಿದ್ದು?

ಆ ಕಾಳಗದ ಬೇರುಗಳೆಲ್ಲ ಈ ನೆಲದವಲ್ಲ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನು ಕಳೆದುಕೊಂಡ ಟಿಪ್ಪು ನೆರವಿಗಾಗಿ ಫ್ರೆಂಚರತ್ತ ನೋಡಿದ. ಬ್ರಿಟನ್ನಿಗೂ ಕ್ರಾಂತಿಯ ಫ್ರಾನ್ಸಿಗೂ 1793ರಿಂದಲೇ ಯುದ್ಧ ನಡೆದಿತ್ತು. 1798ರ ಜನವರಿಯಲ್ಲಿ ಮಾರಿಷಸ್ಸಿನ ಫ್ರೆಂಚ್ ಗವರ್ನರ್ ಮಲಾರ್ತಿಕ್, ಟಿಪ್ಪುವಿನ ಸೇವೆಗೆ ಸೇರಬಯಸುವವರು ಮುಂದೆ ಬರಲೆಂದು ಬಹಿರಂಗವಾಗಿ ಸಾರಿದ. ಬಂದವರು ನೂರರ ಆಸುಪಾಸು. ಆದರೆ ಆ ಸಾರಿಕೆಯ ಸುದ್ದಿಯೇ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಸಾಕಾದ ಕಾರಣವಾಯಿತು. ಅದೇ ವರ್ಷ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದ. ಸೆಪ್ಟೆಂಬರಿನಲ್ಲಿ ಹೈದರಾಬಾದಿನ ನಿಜಾಮ ಕಂಪನಿಯ ಕೈಹಿಡಿದ. ಒಬ್ಬನು ರಕ್ಷಣೆಗೆಂದು ಅರಸಿದ ಗೆಳೆತನ ಇನ್ನೊಬ್ಬನ ಕಣ್ಣಿಗೆ ಒಳಸಂಚಾಗಿ ಕಂಡಿತು. ಫ್ರೆಂಚರ ದೊಡ್ಡ ಸೇನೆ ಬರಲೇ ಇಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದ.

ಶತಮಾನವೊಂದು ಕಳೆದ ಮೇಲೆ ಯುರೋಪಿನಲ್ಲಿಯೇ ಈ ಅನರ್ಥ ಬೃಹದಾಕಾರದಲ್ಲಿ ನಡೆಯಿತು. 1914ರ ಜೂನ್ 28ರಂದು ಸರಯೇವೊ ನಗರದಲ್ಲಿ, ತನ್ನ ಜನಾಂಗದ ಬಿಡುಗಡೆಯ ಕನಸು ಕಂಡ ಸರ್ಬ್ ತರುಣನೊಬ್ಬ ಆಸ್ಟ್ರಿಯಾದ ಯುವರಾಜನನ್ನು ಗುಂಡಿಟ್ಟು ಕೊಂದ. ಜುಲೈ 28ರಂದು ಆಸ್ಟ್ರಿಯಾ ಸರ್ಬಿಯಾದ ಮೇಲೆ ಯುದ್ಧ ಸಾರಿತು. ಸರ್ಬಿಯಾದ ಬೆನ್ನಿಗೆ ರಷ್ಯಾ, ಆಸ್ಟ್ರಿಯಾದ ಬೆನ್ನಿಗೆ ಜರ್ಮನಿ, ರಷ್ಯಾದ ಜೊತೆಗೆ ಫ್ರಾನ್ಸ್. ಜರ್ಮನರು ಬೆಲ್ಜಿಯಮ್ಮನ್ನು ಹೊಕ್ಕಾಗ, ಆಗಸ್ಟ್ 4ರಂದು, ಬ್ರಿಟನ್. ಏಳೇ ದಿನಗಳಲ್ಲಿ ಇಷ್ಟೂ ನಡೆದುಹೋಯಿತು. ಒಬ್ಬೊಬ್ಬರೂ ತಾವು ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತಿದ್ದೇವೆಂದೇ ನಂಬಿದ್ದರು.

ಬ್ರಿಟಿಷರ ಅಧೀನದಲ್ಲಿದ್ದ ಮೈಸೂರಿಗೂ ಆ ಮಾತಿನ ಭಾರ ಬಂದಿತು. ಸರ್ಬಿಯಾ ಎಲ್ಲಿದೆಯೆಂದು ನಮ್ಮ ಹಳ್ಳಿಗರಲ್ಲಿ ಎಷ್ಟು ಮಂದಿಗೆ ತಿಳಿದಿದ್ದೀತು! ಆದರೂ ಮೈಸೂರಿನ ಅಶ್ವದಳ ಹಡಗೇರಿ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ನಗರವನ್ನು ತುರ್ಕರಿಂದ ಗೆದ್ದಿತು. ದಿಲ್ಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಅವರ ಶೌರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅವರಿಗೆ ತುರ್ಕರೊಡನೆ ಯಾವ ಜಗಳವಿತ್ತು ಎಂಬ ಪ್ರಶ್ನೆ ಮನಸ್ಸನ್ನು ಬಿಡುವುದಿಲ್ಲ.

ಅಂದು ದೂರದ ಹಗೆ ಮಳವಳ್ಳಿಗೆ ಬಂದಿತು. ಮುಂದೆ ನಮ್ಮವರೇ ದೂರದ ಹಗೆಗೆ ಹೋದರು. ಮೈತ್ರಿಯೇ ಬೇಡವೆಂದು ನಾನು ಹೇಳಲಾರೆ; ಒಂಟಿಯಾಗಿ ಬಾಳಬಲ್ಲ ದೇಶವಿಲ್ಲ. ಆದರೆ ಗೆಳೆಯನ ಜೊತೆಯಲ್ಲಿ ಅವನ ಹಗೆಗಳೂ ಮನೆಗೆ ಬರುತ್ತವೆ. ಸಹಿ ಹಾಕುವವರು ಅರಮನೆಯಲ್ಲಿರುತ್ತಾರೆ. ಅದರ ಸಾಲವನ್ನು ತೀರಿಸುವವನು ಹೊಲದಲ್ಲಿರುತ್ತಾನೆ. ಅವನನ್ನು ಕೇಳಿದವರಾರು?

ಬೆಳ್ಳೂರಿನವರು ಹಕ್ಕಿಗಳೊಡನೆ ಬೆಳೆಸಿದ ನಂಟು ಯಾರ ವಿರುದ್ಧವೂ ಅಲ್ಲ. ದೇಶಗಳ ನಡುವೆ ಅಂಥದು ಸಾಧ್ಯವೆ? ಕತ್ತಲಾಗುವವರೆಗೂ ನಾನು ಆ ಮರದ ಕೆಳಗೆ ಇದನ್ನೇ ಯೋಚಿಸುತ್ತಿದ್ದೆ.