ಟ್ಯಾಪೆಟ್ ಕವರಿನ ಎಣ್ಣೆ ಸೋರಿಕೆ



ಇವತ್ತು ನಾನು ಹೇಳಬೇಕೆಂದಿರುವುದು ಒಂದು ಸಣ್ಣ ವಿಷಯ. ಟ್ರ್ಯಾಕ್ಟರ್, ಜೀಪು, ಹೊಲಕ್ಕೆ ನೀರೆತ್ತುವ ಡೀಸೆಲ್ ಎಂಜಿನ್, ಇವುಗಳ ನೆತ್ತಿಯ ಮೇಲೆ ತಗಡಿನದೋ ಅಲ್ಯುಮಿನಿಯಮ್ಮಿನದೋ ಒಂದು ಮುಚ್ಚಳ ಇರುತ್ತದೆ. ಪುಸ್ತಕದಲ್ಲಿ ಅದಕ್ಕೆ ವಾಲ್ವ್ ಕವರ್ ಎಂದು ಹೆಸರು. ನಮ್ಮ ಮಕ್ತಲ್ ಕಡೆ ಮಿಸ್ತ್ರಿ ಕನ್ನಡದವನಿರಲಿ, ತೆಲುಗಿನವನಿರಲಿ, ಉರ್ದುವಿನವನಿರಲಿ, ಟ್ಯಾಪೆಟ್ ಕವರ್ ಎಂದೇ ಅನ್ನುತ್ತಾನೆ. ಅದರ ಅಂಚಿನಿಂದ ಎಣ್ಣೆ ಸೋರುವುದು ಎಷ್ಟು ಸಾಮಾನ್ಯವೆಂದರೆ, ಸೋರದ ಎಂಜಿನ್ನೇ ಇಲ್ಲವೆಂದು ನಾವು ಸುಮ್ಮನಿದ್ದುಬಿಡುತ್ತೇವೆ.

ನಾನು ಮಿಸ್ತ್ರಿಯಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಆದರೂ ಈ ಮಾತು ಹೇಳುವುದಕ್ಕೆ ಒಂದು ಕಾರಣ ಇದೆ.

1991ರ ಮುಂಗಾರು. ನನ್ನ ತಮ್ಮ ನಮ್ಮ ಶಾಖೆಯಲ್ಲೇ ಸಾಲ ಮಾಡಿ ಟ್ರ್ಯಾಕ್ಟರ್ ಕೊಂಡು ಮೂರು ವರ್ಷವಾಗಿತ್ತು. ಬಿತ್ತುವ ದಿನಗಳಲ್ಲಿ ಒಂದು ಸಂಜೆ ಬಂದು, "ಅಣ್ಣಾ, ಮ್ಯಾಲಿನ ಕವರಿನಿಂದ ಎಣ್ಣಿ ಸೋರ್ಲಿಕತ್ತದ. ಹೊಸ ಪ್ಯಾಕಿಂಗ್ ಹಾಕಿ ಹದಿನೈದು ದಿನ ಆಗಿಲ್ಲ" ಎಂದ. ನಾನು ಲೆಕ್ಕದ ಮನುಷ್ಯ. "ಸುಮ್ಮನ ರೊಕ್ಕ ಹಾಕಬ್ಯಾಡ, ಗಟ್ಟಿಯಾಗಿ ಬಿಗಿ" ಎಂದು ಹೇಳಿ ಕಳಿಸಿದೆ. ಅವನು ಪಾನಾಕ್ಕೆ ಪೈಪು ಸಿಕ್ಕಿಸಿ ಬಿಗಿದ. ಸೋರುವುದು ಹೆಚ್ಚಾಯಿತು. ಬಿತ್ತನೆ ನಿಲ್ಲಿಸಲಾರದೆ ದಿನಾ ಎಣ್ಣೆ ಸುರಿಯುತ್ತ ಗಾಡಿ ಓಡಿಸಿದ. ಒಂದು ದಿನ ಅಳತೆ ಕಡ್ಡಿ ನೋಡಲು ಮರೆತ. ಹೊಲದ ನಡುವೆ ಎಂಜಿನ್ ಹಿಡಿದುಕೊಂಡು ನಿಂತಿತು. ಕ್ರ್ಯಾಂಕಿನ ಬೇರಿಂಗ್ ಸುಟ್ಟಿತ್ತು.

ವಯಸ್ಸಾದ ಮಿಸ್ತ್ರಿಯೊಬ್ಬರು ಎಂಜಿನ್ ಬಿಚ್ಚಿದರು. ಕೊನೆಗೆ ಬೆರಳು ದಪ್ಪದ ಒಂದು ಬಾಗಿದ ಕೊಳವೆಯನ್ನು ತಂದು ನನ್ನ ಮುಂದೆ ಕಲ್ಲಿಗೆ ಕುಟ್ಟಿದರು. ಒಳಗಿನಿಂದ ಮಣ್ಣಿನ ಹೆಂಟೆ ಉದುರಿತು. ಗೋಡೆಗೆ ಕೆಸರು ಮೆತ್ತಿ ಗೂಡು ಕಟ್ಟುತ್ತದಲ್ಲ, ಆ ಕುಂಬಾರ ಹುಳದ ಗೂಡು. ಬೇಸಿಗೆಯಲ್ಲಿ ಗಾಡಿ ಚಪ್ಪರದ ಕೆಳಗೆ ಸುಮ್ಮನೆ ನಿಂತಾಗ ಕಟ್ಟಿತ್ತು. ಎಣ್ಣೆ ಜಿಡ್ಡು ಕೂಡಿ ಕಲ್ಲಿನಂತಾಗಿತ್ತು. "ಸಾಹೇಬ್ರ, ಪ್ಯಾಕಿಂಗ್‌ದು ತಪ್ಪಿಲ್ಲ. ಎಂಜಿನ್ನಿಗೆ ಉಸಿರಾಡ್ಲಿಕ್ಕೆ ದಾರಿನೇ ಇದ್ದಿಲ್ಲ" ಎಂದರು.

ಆ ವರ್ಷ ತಮ್ಮನ ಕಂತು ತಪ್ಪಿತು. ಬಾಕಿದಾರರ ನೋಟೀಸು ಹೊರಟಾಗ ಲಕೋಟೆಗಳ ಮೇಲೆ ವಿಳಾಸ ಬರೆಯುವ ಕೆಲಸ ನನ್ನದು. ಅವನ ಹೆಸರನ್ನೂ ನಾನೇ ಬರೆದೆ. ಅವನು ಒಂದು ದಿನವೂ ನನ್ನನ್ನು ದೂರಲಿಲ್ಲ. ಆದರೆ "ಗಟ್ಟಿಯಾಗಿ ಬಿಗಿ" ಎಂದು ಹೇಳಿದ್ದು ನಾನು.

ಈಗ ವಿಷಯಕ್ಕೆ ಬರೋಣ. ಹಿಂದೆ ಬಾವಿಯ ದಂಡೆಯ ಮೇಲೆ ಟಕ್ ಟಕ್ ಎನ್ನುತ್ತಿದ್ದ ಲಿಸ್ಟರ್ ಮಾದರಿಯ ನಿಧಾನದ ಎಂಜಿನ್ನುಗಳಲ್ಲಿ ವಾಲ್ವಿನ ಮೇಲಿನ ಭಾಗ ಬಯಲಿಗೇ ಇರುತ್ತಿತ್ತು. ಎಣ್ಣೆ ಡಬ್ಬಿ ಹಿಡಿದು ಕೈಯಿಂದಲೇ ಹನಿ ಬಿಡುತ್ತಿದ್ದೆವು. ಆಮೇಲೆ ಬಂದ ವೇಗದ ಎಂಜಿನ್ನುಗಳಲ್ಲಿ ಎಣ್ಣೆ ತಾನಾಗಿ ಮೇಲಕ್ಕೆ ಏರಿ, ವಾಲ್ವುಗಳನ್ನು ಒತ್ತುವ ರಾಕರುಗಳನ್ನು ನೆನೆಸಿ, ತೂತುಗಳ ಮೂಲಕ ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ಆ ಎಣ್ಣೆ ಹೊರಗೆ ಸಿಡಿಯದಂತೆ, ಒಳಗೆ ಧೂಳು ಬೀಳದಂತೆ ಕವರು. ಕವರಿಗೂ ಹೆಡ್ಡಿಗೂ ನಡುವೆ ಪ್ಯಾಕಿಂಗು.

ಪಿಸ್ಟನ್ನಿನ ರಿಂಗುಗಳು ಎಷ್ಟೇ ಚೆನ್ನಾಗಿರಲಿ, ಉರಿದ ಗಾಳಿ ಸ್ವಲ್ಪ ಕೆಳಗೆ ನುಸುಳುತ್ತದೆ. ಅದು ಹೊರಗೆ ಹೋಗಲು ಬ್ರೀದರ್ ಎಂಬ ಕೊಳವೆಯೋ ಜಾಲರಿಯ ಮುಚ್ಚಳವೋ ಇರುತ್ತದೆ. ಹಲವು ಎಂಜಿನ್ನುಗಳಲ್ಲಿ ಇದು ಟ್ಯಾಪೆಟ್ ಕವರಿನಲ್ಲೇ ಇದೆ. ಅದು ಕಟ್ಟಿಕೊಂಡರೆ ಒಳಗಿನ ಗಾಳಿ ದಾರಿ ಹುಡುಕುತ್ತದೆ, ಪ್ಯಾಕಿಂಗ್ ಎಲ್ಲಿ ಸಡಿಲವೋ ಅಲ್ಲಿ ಎಣ್ಣೆಯನ್ನು ತಳ್ಳಿಕೊಂಡು ಬರುತ್ತದೆ. ನಮ್ಮ ಸೀಮೆಯಲ್ಲಿ ಭತ್ತದ ಹೊಟ್ಟು, ಹತ್ತಿಯ ಎಳೆ, ದಾರಿಯ ಧೂಳು ಎಲ್ಲವೂ ಸೇರಿ ಜಾಲರಿಯನ್ನು ಮುಚ್ಚುತ್ತವೆ. ಈಗಿನ ಕಾರುಗಳಲ್ಲಿ ಈ ಗಾಳಿಯನ್ನು ಒಂದು ಸಣ್ಣ ವಾಲ್ವಿನ ಮೂಲಕ ಮತ್ತೆ ಎಂಜಿನ್ನಿಗೇ ಕೊಡುತ್ತಾರೆ. ಆ ವಾಲ್ವು ಕಟ್ಟಿದರೂ ಫಲ ಇದೇ.

ಹಾಗಾದರೆ ಮಾಡುವುದೇನು? ಮೊದಲು ತಣ್ಣಗಿನ ಎಂಜಿನ್ನನ್ನು ಬ್ರಶ್ಶಿನಿಂದ ಡೀಸೆಲ್ ಹಚ್ಚಿ ತೊಳೆದು ಚೆನ್ನಾಗಿ ಒರೆಸಿ ಒಣಗಿಸಿ. ಕವರಿನ ಸುತ್ತ, ಅದರ ಕೆಳಗೆ, ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ. ಫ್ಯಾನು, ಬೆಲ್ಟುಗಳಿಂದ ಕೈ ದೂರವಿಟ್ಟು ಎಂಜಿನ್ ಹತ್ತು ನಿಮಿಷ ನಡೆಸಿ. ಪೌಡರು ಎಲ್ಲಿ ಮೊದಲು ನೆನೆಯುತ್ತದೋ ಸೋರುವುದು ಅಲ್ಲಿ. ಎಣ್ಣೆ ಕೆಳಗೆ ಹರಿದು ಬೇರೆ ಕಡೆ ಕಾಣಿಸುತ್ತದೆ, ಕಂಡ ಜಾಗವನ್ನು ನಂಬಬೇಡಿ.

ಎರಡನೆಯದು, ಬ್ರೀದರನ್ನು ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಬಾಯಿ ಹಚ್ಚದೆ ಪಂಪಿನಿಂದ ಗಾಳಿ ಹೊಡೆಯಿರಿ. ಆಮೇಲೂ ಎಣ್ಣೆ ತುಂಬುವ ಮುಚ್ಚಳ ತೆಗೆದಾಗ ಹೊಗೆ ಬುಸ್ ಬುಸ್ ಎಂದು ಏಳುತ್ತಿದ್ದರೆ ರಿಂಗು, ಬೋರು ಸವೆದಿವೆ ಎಂದು ತಿಳಿಯಿರಿ. ಆಗ ಎಷ್ಟು ಪ್ಯಾಕಿಂಗ್ ಹಾಕಿದರೂ ನಿಲ್ಲದು.

ಮೂರನೆಯದು, ಕವರು. ತಗಡಿನ ಕವರನ್ನು ಅತಿಯಾಗಿ ಬಿಗಿದರೆ ಬೋಲ್ಟಿನ ತೂತಿನ ಸುತ್ತ ತಗ್ಗಾಗಿ, ಎರಡು ಬೋಲ್ಟುಗಳ ನಡುವೆ ಅಂಚು ಮೇಲೇಳುತ್ತದೆ. ಗಾಜಿನ ಹಲಗೆಯ ಮೇಲೆ ಬೋರಲು ಇಟ್ಟು ನೋಡಿದರೆ ಸಂದು ಕಾಣುತ್ತದೆ. ಸಮತಟ್ಟಾದ ಕಬ್ಬಿಣದ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಸಮ ಮಾಡಬಹುದು. ಅಲ್ಯುಮಿನಿಯಮ್ ಕವರಾದರೆ ಬಡಿಯಬೇಡಿ, ಸೀಳುತ್ತದೆ.

ನಾಲ್ಕನೆಯದು, ಪ್ಯಾಕಿಂಗ್. ಕಾರ್ಕಿನ ಪ್ಯಾಕಿಂಗು ಮರದ ತೊಗಟೆ. ಪೋರ್ಚುಗಲ್ ದೇಶ ಅದಕ್ಕೆ ಹೆಸರುವಾಸಿ. ಕಾವಿಗೆ ಒಣಗಿ ಕುಗ್ಗಿ ಬಿರುಕು ಬಿಡುತ್ತದೆ, ಆದ್ದರಿಂದ ಕವರು ಬಿಚ್ಚಿದಾಗಲೆಲ್ಲ ಹೊಸದು ಹಾಕುವುದು ಒಳ್ಳೆಯದು. ಸೈಕಲ್ ಟ್ಯೂಬು ಕತ್ತರಿಸಿ ಹಾಕುವವರಿದ್ದಾರೆ. ಆ ರಬ್ಬರು ಎಣ್ಣೆ ಕುಡಿದು ಊದಿ ಅಂಚಿನಿಂದ ಹೊರಗೆ ಜಾರುತ್ತದೆ. ಎಣ್ಣೆ ತಡೆಯುವ ನೈಟ್ರೈಲ್ ರಬ್ಬರೇ ಬೇರೆ. ಹಳೆಯ ಪ್ಯಾಕಿಂಗ್ ಕೆರೆಯುವಾಗ ಒಳಗಿನ ತೂತುಗಳಿಗೆ ಬಟ್ಟೆ ಮುಚ್ಚಿ, ಕೆಲಸ ಮುಗಿದ ಮೇಲೆ ಬಟ್ಟೆಗಳನ್ನು ಎಣಿಸಿ ತೆಗೆಯಿರಿ. ಕಾರ್ಕನ್ನು ಅಂಟಿನಿಂದ ಕವರಿಗೆ ಮಾತ್ರ ಕೂಡಿಸಿ, ಹೆಡ್ಡಿನ ಕಡೆ ಒಣಗಲು ಇರಲಿ. ಟ್ಯಾಪೆಟ್ ಸೆಟ್ ಮಾಡಲು ಮತ್ತೆ ಬಿಚ್ಚುವಾಗ ಹರಿಯುವುದಿಲ್ಲ. ಸಿಲಿಕಾನ್ ಪೇಸ್ಟನ್ನು ರೊಟ್ಟಿಗೆ ಚಟ್ನಿ ಮೆತ್ತಿದಂತೆ ಮೆತ್ತಬೇಡಿ. ಒಳಗೆ ಹಿಂಡಿದ ತುಂಡು ಕಳಚಿಬಿದ್ದು ಎಣ್ಣೆ ಪಂಪಿನ ಜಾಲರಿಯನ್ನು ಮುಚ್ಚೀತು.

ಕೊನೆಯದು, ಬಿಗಿಯುವುದು. ಗಿಡ್ಡ ಪಾನಾ ಸಾಕು, ಪೈಪು ಬೇಡವೇ ಬೇಡ. ನಡುವಿನ ಬೋಲ್ಟಿನಿಂದ ಶುರು ಮಾಡಿ ಎರಡೂ ಕಡೆಗೆ, ಒಂದನ್ನು ಬಿಟ್ಟು ಒಂದರಂತೆ, ಎರಡು ಸುತ್ತಿನಲ್ಲಿ ಬಿಗಿಯಿರಿ. ಪ್ಯಾಕಿಂಗ್ ಅಮರಿ ಕೂತರೆ ಸಾಕು, ಚಪ್ಪಟೆಯಾಗಬಾರದು. ಒಂದು ದಿನ ಓಡಿಸಿ, ತಣ್ಣಗಾದ ಮೇಲೆ ಮತ್ತೊಮ್ಮೆ ಕೈಯಾಡಿಸಿ.

"ಒಂದು ಹನಿ ಸೋರಿದರೆ ಏನಾಯಿತು" ಎನ್ನುವವರಿಗೆ ನನ್ನ ಹಳೆಯ ಕಸುಬಿನ ಒಂದು ಲೆಕ್ಕ. ಸುಮಾರು 25 ಹನಿ ಸೇರಿದರೆ ಒಂದು ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಒಂದು ಹನಿಯಂತೆ ಗಂಟೆಗೆ 3,600 ಹನಿ, ಅಂದರೆ 144 ಮಿಲಿಲೀಟರ್. ಎಂಟು ಗಂಟೆ ಉತ್ತರೆ ಒಂದು ಲೀಟರಿಗೂ ಮೇಲೆ. ಎಂಜಿನ್ನಿನ ತೊಟ್ಟಿಯಲ್ಲಿ ಇರುವುದೇ ಕೆಲವು ಲೀಟರ್. ಸೋರಿದ ಎಣ್ಣೆ ಕಾದ ಸೈಲೆನ್ಸರಿನ ಬುಡಕ್ಕೆ ಬಿದ್ದರೆ, ಪಕ್ಕದಲ್ಲಿ ರಾಶಿಯ ಹುಲ್ಲಿದ್ದರೆ, ಬೆಂಕಿಯ ಭಯವೂ ಇದೆ.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಹೊಂದದಿದ್ದರೆ ಹಿರಿಯರು ನಮಗೆ ಹೇಳುತ್ತಿದ್ದರು: ವ್ಯತ್ಯಾಸ ಕಂಡ ಜಾಗದಲ್ಲಿ ಅಂಕಿ ತಿದ್ದಬೇಡ, ಅದು ಹುಟ್ಟಿದ ಜಾಗಕ್ಕೆ ಹೋಗು ಎಂದು. ಅದನ್ನು ದಿನಾ ಮಾಡುತ್ತಿದ್ದ ನಾನು ತಮ್ಮನ ಗಾಡಿಯ ವಿಷಯದಲ್ಲಿ ಮರೆತೆ. ಅವನು ಎರಡು ವರ್ಷ ದುಡಿದು ಬಾಕಿ ತೀರಿಸಿದ. ಈಗಲೂ ಬೇಸಿಗೆ ಬಂತೆಂದರೆ ಅವನ ಮನೆಯಲ್ಲಿ ಬ್ರೀದರಿನ ಬಾಯಿಗೆ ಒಂದು ಬಟ್ಟೆ ಕಟ್ಟಿಡುತ್ತಾರೆ, ಅದನ್ನು ಬಿಚ್ಚುವ ತನಕ ಗಾಡಿ ಚಾಲೂ ಮಾಡಬಾರದೆಂದು ಬೀಗದ ಕೈಗೆ ಅದೇ ಬಣ್ಣದ ಚಿಂದಿ ಕಟ್ಟುತ್ತಾರೆ. ನೀವೂ ಹಾಗೆ ಮಾಡಿರಿ. ನಾಳೆ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಅಳತೆ ಕಡ್ಡಿಯನ್ನೊಮ್ಮೆ ನೋಡಿ.